ಮೀನಿನ ತೊಟ್ಟಿಗೆ ಮರದ ಸ್ಟ್ಯಾಂಡ್: ಭಾರವನ್ನು ಮರ ಹೊರಲಿ, ಮೊಳೆಯಲ್ಲ

ಹುಬ್ಬಳ್ಳಿ-ಧಾರವಾಡ ಅವಳಿನಗರದ ಮನೆಗಳಲ್ಲಿ ಗಾಜಿನ ಮೀನಿನ ತೊಟ್ಟಿ ಇಂದು ಅಪರೂಪದ ವಸ್ತುವೇನಲ್ಲ. ಮಕ್ಕಳ ಆಸೆಗೆಂದು ಕೆಲವರು, ವಾಸ್ತುವಿನ ನಂಬಿಕೆಯಿಂದ ಕೆಲವರು, ಮನಸ್ಸಿನ ನೆಮ್ಮದಿಗಾಗಿ ಮತ್ತೆ ಕೆಲವರು ಅದನ್ನು ಮನೆಗೆ ತರುತ್ತಾರೆ. ಮೀನಿನ ಜಾತಿ, ದೀಪದ ಬಣ್ಣ, ಗಾಳಿಯಂತ್ರದ ಸದ್ದು ಇವೆಲ್ಲದರ ಬಗ್ಗೆ ಅಂಗಡಿಯಲ್ಲಿ ವಿವರವಾಗಿ ವಿಚಾರಿಸುವವರು, ತೊಟ್ಟಿಯನ್ನು ಯಾವುದರ ಮೇಲೆ ಇಡಬೇಕೆಂಬ ಪ್ರಶ್ನೆಯನ್ನು ಮಾತ್ರ ಮನೆ ತಲುಪಿದ ಮೇಲೆ ಕೇಳಿಕೊಳ್ಳುವುದುಂಟು. ಹಳೆಯ ಟಿ.ವಿ. ಮೇಜೋ, ಪುಸ್ತಕದ ಕಪಾಟೋ ಆ ಕೆಲಸಕ್ಕೆ ನಿಯೋಜಿತವಾಗುತ್ತದೆ. ಅಪಾಯ ಆರಂಭವಾಗುವುದೇ ಅಲ್ಲಿಂದ.

ಮರದ ಸ್ಟ್ಯಾಂಡನ್ನು ಮನೆಯಲ್ಲಿಯೇ ತಯಾರಿಸುವುದು ಅಸಾಧ್ಯದ ಕೆಲಸವಲ್ಲ. ಬಡಿಗರಿಂದ ಮಾಡಿಸುವುದಾದರೂ ಅದರ ಹಿಂದಿನ ಲೆಕ್ಕಾಚಾರ ಮನೆಯ ಯಜಮಾನನಿಗೆ ತಿಳಿದಿರುವುದು ಒಳ್ಳೆಯದು.

ಮೊದಲು ತೂಕದ ಲೆಕ್ಕ

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನೇ ತೆಗೆದುಕೊಳ್ಳೋಣ. ಅದರ ಗಾತ್ರ ನಾಲ್ಕೂವರೆ ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ನೀರು ಹಿಡಿಯುವುದರಿಂದ, ಅಂಚಿನವರೆಗೆ ತುಂಬಿದರೆ ಸುಮಾರು 127 ಲೀಟರ್, ಅಂದರೆ 127 ಕೆ.ಜಿ. ನೀರು. 8 ಮಿಲಿಮೀಟರ್ ದಪ್ಪದ ಗಾಜಿನದೇ ತೂಕ 28 ಕೆ.ಜಿ.ಯಷ್ಟಾಗುತ್ತದೆ. ತಳದ ಹರಳು, ಕಲ್ಲು, ಮುಚ್ಚಳ, ದೀಪಗಳನ್ನು ಸೇರಿಸಿದರೆ ಒಟ್ಟು ಭಾರ 175 ಕೆ.ಜಿ.ಯ ಆಸುಪಾಸು. ಇಬ್ಬರು ವಯಸ್ಕರ ತೂಕಕ್ಕಿಂತ ಹೆಚ್ಚಿನ ಈ ಭಾರ ಒಂದು ಕ್ಷಣವೂ ಕೆಳಗಿಳಿಯದೆ ವರ್ಷಗಟ್ಟಲೆ ಅಲ್ಲಿಯೇ ಕುಳಿತಿರುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಾದರೆ ನೀರೊಂದೇ 250 ಕೆ.ಜಿ. ದಾಟುತ್ತದೆ.

ಗಾಜಿಗೆ ಇನ್ನೊಂದು ಗುಣವಿದೆ. ಅದು ಭಾರ ತಾಳುತ್ತದೆ, ತಿರುಚುವಿಕೆಯನ್ನು ತಾಳುವುದಿಲ್ಲ. ಕೆಳಗಿನ ಚೌಕಟ್ಟಿನ ಒಂದು ಮೂಲೆ ತುಸು ತಗ್ಗಿದರೂ ಒತ್ತಡವೆಲ್ಲ ಗಾಜಿನ ಒಂದು ಬದಿಗೆ ಬೀಳುತ್ತದೆ. ಆಗ ಸಿಲಿಕಾನ್ ಅಂಟು ಬಿಡಬಹುದು, ಇಲ್ಲವೇ ತಳದ ಗಾಜು ಸೀಳಬಹುದು. ಆದ್ದರಿಂದ ಸ್ಟ್ಯಾಂಡ್ ಗಟ್ಟಿಯಾಗಿರುವುದು ಎಷ್ಟು ಮುಖ್ಯವೋ ಸಮತಟ್ಟಾಗಿರುವುದೂ ಅಷ್ಟೇ ಮುಖ್ಯ.

ನೆಲ ಹೇಗಿದೆ?

ವಾಸದ ಕೋಣೆಗಳ ನೆಲ ಪ್ರತಿ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರವನ್ನು ಹೊರುವಂತೆ ವಿನ್ಯಾಸಗೊಳ್ಳಬೇಕೆಂದು 1987ರ ಭಾರತೀಯ ಮಾನಕ ಐ.ಎಸ್. 875ರ ಎರಡನೆಯ ಭಾಗ ಹೇಳುತ್ತದೆ. ನಮ್ಮ 3 ಅಡಿ ತೊಟ್ಟಿ ತಾನು ನಿಂತ ಜಾಗದಲ್ಲಿ ಚದರ ಮೀಟರಿಗೆ 600 ಕೆ.ಜಿ.ಗೂ ಮೀರಿದ ಒತ್ತಡ ಹಾಕುತ್ತದೆ. ಕಾಂಕ್ರೀಟ್ ಚಾವಣಿ ಈ ಭಾರವನ್ನು ಸುತ್ತಲೂ ಹಂಚಿಕೊಳ್ಳುವುದರಿಂದ, ಸುಸ್ಥಿತಿಯ ಕಟ್ಟಡದಲ್ಲಿ ಗೋಡೆಗೆ ಒತ್ತಿ ಇಟ್ಟ ಇಂತಹ ತೊಟ್ಟಿಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಮೇಲಂತಸ್ತಿನ ಕೋಣೆಯ ನಡುವೆ ಇಡುವುದು ಸರಿಯಲ್ಲ. 4 ಅಡಿ ಮತ್ತು ಅದಕ್ಕಿಂತ ದೊಡ್ಡ ತೊಟ್ಟಿಯನ್ನು ಮಹಡಿಯಲ್ಲಿ ಇಡುವವರು ಎಂಜಿನಿಯರರ ಸಲಹೆ ಪಡೆಯಬೇಕು. ಮರದ ತೊಲೆಗಳ ಮೇಲೆ ಮಣ್ಣು ಹಾಸಿದ ಹಳೆಯ ಮಾಳಿಗೆ ಮನೆಗಳ ಮೇಲಂತಸ್ತಿನಲ್ಲಿ ತೊಟ್ಟಿಯನ್ನು ಇಡದಿರುವುದೇ ಲೇಸು. ವಾಸ್ತುವಿನ ಮೂಲೆ ನೋಡುವ ಮೊದಲು ನೆಲದ ಶಕ್ತಿ ನೋಡಬೇಕು.

ಹುಬ್ಬಳ್ಳಿಯ ಕಡೆಗೆ ಎರೆಮಣ್ಣು ಹೆಚ್ಚು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಒಣಗಿ ಬಿರಿಯುವುದು ಈ ಮಣ್ಣಿನ ಸ್ವಭಾವ. ಇಂತಹ ನೆಲದ ಮೇಲಿನ ಮನೆಗಳಲ್ಲಿ ಕೆಳಅಂತಸ್ತಿನ ನೆಲಹಾಸು ಕಾಲಕ್ರಮೇಣ ತುಸು ಕುಸಿಯುವುದು, ವಾಲುವುದು ಉಂಟು. ಇಲ್ಲಿ ಒಮ್ಮೆ ಮಟ್ಟ ನೋಡಿ ಸುಮ್ಮನಾದರೆ ಸಾಲದು. ಪ್ರತಿ ಮಳೆಗಾಲದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.

ಯಾವ ಮರ ಸೂಕ್ತ?

ಈ ಭಾಗದವರಿಗೆ ಒಳ್ಳೆಯ ಮರ ದೂರದ್ದಲ್ಲ. ನೆರೆಯ ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ ಭಾಗದ ತೇಗ ಹೆಸರುವಾಸಿ. ಅಳ್ನಾವರದಿಂದ ದಾಂಡೇಲಿಗೆ ರೈಲು ಮಾರ್ಗ ಹಾಕಿದ್ದರ ಹಿಂದೆ ಆ ಕಾಡಿನ ಕಟ್ಟಿಗೆಯನ್ನು ಸಾಗಿಸುವ ಉದ್ದೇಶವಿತ್ತು. ತೇಗದಲ್ಲಿರುವ ಸಹಜ ಎಣ್ಣೆಯ ಅಂಶ ನೀರನ್ನೂ ಗೆದ್ದಲನ್ನೂ ಬಹುಮಟ್ಟಿಗೆ ದೂರವಿಡುತ್ತದೆ. ಋತುಮಾನಕ್ಕೆ ತಕ್ಕಂತೆ ಅದು ಹಿಗ್ಗುವುದು, ಕುಗ್ಗುವುದೂ ಕಡಿಮೆ. ತೇಗ ದುಬಾರಿಯೆನಿಸಿದರೆ ಮತ್ತಿ, ಹೊನ್ನೆ, ನಂದಿ ಮರಗಳನ್ನು ಬಳಸಬಹುದು. ಮತ್ತಿ ತೇಗಕ್ಕಿಂತ ಭಾರವಾದ, ಗಟ್ಟಿಯಾದ ಮರ. ಆದರೆ ಚೆನ್ನಾಗಿ ಒಣಗದಿದ್ದರೆ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಯಾವುದೇ ಮರವಾದರೂ ನಡುವಿನ ಚೇಗಿನ ಭಾಗವನ್ನೇ ಆರಿಸಬೇಕು. ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಹತ್ತುತ್ತದೆ.

ಹಳೆಯ ಮನೆ ಕೆಡವಿದಾಗ ದೊರೆಯುವ ಬಾಗಿಲು ಚೌಕಟ್ಟು, ತೊಲೆಗಳ ಮರವೂ ಉತ್ತಮ. ದಶಕಗಳ ಕಾಲ ಒಣಗಿದ ಅದು ಇನ್ನು ತಿರುಚುವ ಸಂಭವ ಕಡಿಮೆ. ಒಳಗೆ ಉಳಿದಿರುವ ಮೊಳೆಗಳನ್ನು ಮಾತ್ರ ಜಾಗ್ರತೆಯಿಂದ ತೆಗೆಯಬೇಕು.

ಮೇಲ್ಹಲಗೆಗೆ ಪ್ಲೈವುಡ್ ಕೊಳ್ಳುವಾಗ ಅದರ ಮೇಲೆ ಐ.ಎಸ್. 710 ಎಂಬ ಗುರುತು ಇದೆಯೇ ಎಂದು ನೋಡಬೇಕು. ಇದು ನೀರು ತಾಳುವ ಮರೀನ್ ಪ್ಲೈವುಡ್. ಪಾರ್ಟಿಕಲ್ ಬೋರ್ಡ್ ಮತ್ತು ಎಂ.ಡಿ.ಎಫ್. ಹಲಗೆಗಳು ನೋಡಲು ಅಂದವಾಗಿದ್ದರೂ ನೀರು ಹನಿದ ಕಡೆ ಉಬ್ಬಿ ಪುಡಿಯಾಗುತ್ತವೆ. ತೊಟ್ಟಿಯ ಕೆಳಗೆ ಅವುಗಳಿಗೆ ಜಾಗವಿಲ್ಲ.

ಒಣಗಿದ ಮರ, ಸರಿಯಾದ ಕಾಲ

ಗಾಳಿಯಲ್ಲಿ ಒಣಗಿಸುವ ಮರಕ್ಕೆ ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಿಗರ ಹಳೆಯ ಲೆಕ್ಕ. ಮರ ತನ್ನ ಉದ್ದಕ್ಕೆ ಬಹುತೇಕ ಬದಲಾಗುವುದಿಲ್ಲ; ಅಗಲ ಮತ್ತು ದಪ್ಪದಲ್ಲಿ ಮಾತ್ರ ಹಿಗ್ಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಕೊಂಡ ಹಸಿ ಮರದಿಂದ ಮಾಡಿದ ಚೌಕಟ್ಟು ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಕುಗ್ಗಿ, ಜೋಡಣೆಗಳು ಸಡಿಲಗೊಳ್ಳುತ್ತವೆ. ಆದ್ದರಿಂದ ಕೊಂಡ ಮರವನ್ನು ಎರಡು ಮೂರು ವಾರ ಮನೆಯೊಳಗೆ ನೆರಳಿನಲ್ಲಿ, ನಡುವೆ ಗಾಳಿಯಾಡುವಂತೆ ಅಡ್ಡಪಟ್ಟಿ ಕೊಟ್ಟು ಪೇರಿಸಿಡಬೇಕು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣಹವೆ ಈ ಕೆಲಸಕ್ಕೆ ಪ್ರಶಸ್ತ.

ಬೇಕಾಗುವ ಉಪಕರಣಗಳು

ಅಳತೆ ಪಟ್ಟಿ, ಮೂಲೆಮಟ್ಟ, ರಸಮಟ್ಟ, ಗರಗಸ, ಒಂದು ಇಂಚಿನ ಉಳಿ, ಕೊಡತಿ, ಉಜ್ಜುಗೊರಡು, ಡ್ರಿಲ್ ಯಂತ್ರ, ಸ್ಕ್ರೂಡ್ರೈವರ್, ನಾಲ್ಕು ಕ್ಲ್ಯಾಂಪುಗಳು ಮತ್ತು ಉಪ್ಪುಕಾಗದ ಇದ್ದರೆ ಸಾಕು. ಮರವನ್ನು ಕೊಂಡಲ್ಲಿಯೇ ಯಂತ್ರದಲ್ಲಿ ಅಳತೆಗೆ ಸೀಳಿಸಿ, ನಾಲ್ಕೂ ಬದಿ ನುಣುಪು ಮಾಡಿಸಿಕೊಂಡರೆ ಅರ್ಧ ಶ್ರಮ ಉಳಿಯುತ್ತದೆ. ಇವುಗಳಲ್ಲಿ ಅಗ್ಗದ್ದನ್ನು ಕೊಳ್ಳಬಾರದ ವಸ್ತುವೆಂದರೆ ಮೂಲೆಮಟ್ಟ. ಅದು ತಪ್ಪಿದರೆ ಎಲ್ಲವೂ ತಪ್ಪುತ್ತದೆ.

ಅಳತೆ ಮತ್ತು ಮರದ ಪ್ರಮಾಣ

3 ಅಡಿ ತೊಟ್ಟಿಗೆ 38 ಇಂಚು ಉದ್ದ, 14 ಇಂಚು ಅಗಲದ ಸ್ಟ್ಯಾಂಡ್ ಸರಿಹೊಂದುತ್ತದೆ. ಆಗ ತೊಟ್ಟಿಯ ಸುತ್ತ ಒಂದೊಂದು ಇಂಚು ಅಂಚು ಉಳಿದು, ಗಾಜಿನ ಗೋಡೆಗಳು ನೇರವಾಗಿ ಚೌಕಟ್ಟಿನ ಮರದ ಮೇಲೆಯೇ ಬರುತ್ತವೆ. ಎಲ್ಲಕ್ಕೂ 3 ಇಂಚು ಅಗಲ, 2 ಇಂಚು ದಪ್ಪದ ಮರ ಬಳಸಬಹುದು. ಮೇಲಿನ ಚೌಕಟ್ಟಿಗೆ 104 ಇಂಚು, ಕೆಳಗಿನದಕ್ಕೆ 104 ಇಂಚು, 22 ಇಂಚಿನ ನಾಲ್ಕು ಕಾಲುಗಳಿಗೆ 88 ಇಂಚು, ಒಟ್ಟು 296 ಇಂಚು ಅಂದರೆ ಸುಮಾರು 25 ಅಡಿ ಮರ ಬೇಕು. ಇದು ಒಂದು ಘನ ಅಡಿಗಿಂತ ತುಸು ಹೆಚ್ಚು. ಕತ್ತರಿಕೆಯಲ್ಲಿ ಹೋಗುವುದನ್ನು ಸೇರಿಸಿ ಒಂದೂಕಾಲು ಘನ ಅಡಿ ಕೊಂಡರೆ ಸಾಕಾಗುತ್ತದೆ. ಸ್ಟ್ಯಾಂಡಿನ ಎತ್ತರ 28 ಇಂಚು ಬರುತ್ತದೆ.

ಚೌಕಟ್ಟಿನ ಮರವನ್ನು ಮಲಗಿಸದೆ, 3 ಇಂಚಿನ ಬದಿ ಮೇಲ್ಮುಖವಾಗಿ ನಿಲ್ಲುವಂತೆ ಜೋಡಿಸಬೇಕು. ಉದ್ದ ಹೆಚ್ಚಾದಂತೆ ಬಾಗುವಿಕೆ ಬಹಳ ವೇಗವಾಗಿ ಏರುತ್ತದೆ. ಒಂದೊಂದು ಅಡಿಗೆ ಬೀಳುವ ಭಾರ ಅಷ್ಟೇ ಇದ್ದರೂ 3 ಅಡಿಯ ಬದಲು 4 ಅಡಿಯಾದಾಗ ಅದೇ ಮರ ಮೂರು ಪಟ್ಟಿಗಿಂತ ಹೆಚ್ಚು ಬಾಗುತ್ತದೆ. ಆದ್ದರಿಂದ 4 ಅಡಿ ತೊಟ್ಟಿಗೆ ಹಿಂದೆ, ಮುಂದೆ ನಡುಗಾಲು ಕಡ್ಡಾಯ.

ಜೋಡಣೆಯಲ್ಲಿದೆ ಗುಟ್ಟು

ಒಣಗಿದ ತೇಗದ 2 ಇಂಚು ಚೌಕದ ಗಿಡ್ಡ ಕಾಲೊಂದೇ ಒಂದು ಟನ್ನಿಗೂ ಮೀರಿದ ಭಾರವನ್ನು ನೇರವಾಗಿ ತಡೆಯಬಲ್ಲದು. ಹೀಗಿರುವಾಗ ಸ್ಟ್ಯಾಂಡುಗಳು ಕುಸಿಯುವುದೇಕೆ? ಕಾಲು ಮುರಿಯುವುದರಿಂದಲ್ಲ, ಜೋಡಣೆ ಬಿಡುವುದರಿಂದ. ಅಡ್ಡಪಟ್ಟಿಯನ್ನು ಕಾಲಿನ ಬದಿಗೆ ಹಚ್ಚಿ ಎರಡು ಮೊಳೆ ಹೊಡೆದರೆ, 175 ಕೆ.ಜಿ. ಭಾರವೆಲ್ಲ ಆ ಮೊಳೆಗಳ ಮೇಲೆ ನಿಲ್ಲುತ್ತದೆ. ಮರ ಹಿಗ್ಗಿ ಕುಗ್ಗಿದಂತೆ ಮೊಳೆಯ ರಂಧ್ರ ದೊಡ್ಡದಾಗುತ್ತದೆ, ಚೌಕಟ್ಟು ಜಾರುತ್ತದೆ.

ಸರಿಯಾದ ಕ್ರಮವೆಂದರೆ ಮರದ ಮೇಲೆ ಮರ ಕೂರಿಸುವುದು. ಕೆಳಗಿನ ಚೌಕಟ್ಟಿನ ನಾಲ್ಕು ಮೂಲೆಗಳ ಮೇಲೆ ಕಾಲುಗಳು, ಕಾಲುಗಳ ತಲೆಯ ಮೇಲೆ ಮೇಲಿನ ಚೌಕಟ್ಟು. ಭಾರ ಮೇಲಿನಿಂದ ನೆಲದವರೆಗೆ ಮರದ ಮೂಲಕವೇ ಇಳಿಯುತ್ತದೆ. ಸ್ಕ್ರೂಗಳ ಕೆಲಸ ಮರವನ್ನು ಅಲುಗದಂತೆ ಹಿಡಿಯುವುದಷ್ಟೇ. ಬಡಿಗರಿಗೆ ಕೆಲಸ ವಹಿಸುವವರು ಈ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು.

ಚೌಕಟ್ಟಿನ ಮೂಲೆಗಳಲ್ಲಿ ಎರಡೂ ಮರಗಳನ್ನು ಅರ್ಧದಷ್ಟು ಕಚ್ಚು ತೆಗೆದು ಒಂದರೊಳಗೊಂದು ಕೂಡಿಸಬೇಕು. ತೇಗದ ಎಣ್ಣೆಯಂಶ ಅಂಟಿಗೆ ಅಡ್ಡಿಯಾಗುವುದರಿಂದ ಜೋಡಿಸುವ ಭಾಗವನ್ನು ಮೊದಲು ಥಿನ್ನರಿನಲ್ಲಿ ಒರೆಸಿ, ಒಣಗಿದ ಮೇಲೆ ನೀರು ತಾಳುವ ಅಂಟು ಹಚ್ಚಿ, ಕ್ಲ್ಯಾಂಪಿನಿಂದ ಬಿಗಿದು ಒಂದು ದಿನ ಬಿಡಬೇಕು. ಸ್ಕ್ರೂ ಹಾಕುವ ಮುನ್ನ ಅದಕ್ಕಿಂತ ಸಣ್ಣ ರಂಧ್ರ ಕೊರೆಯದಿದ್ದರೆ ಮರ ಸೀಳುತ್ತದೆ. ಅಂಟು ಒಣಗುವ ಮುನ್ನ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ನಮ್ಮ ಅಳತೆಗೆ ಎರಡೂ ಸುಮಾರು ನಲವತ್ತೂವರೆ ಇಂಚು ಬರಬೇಕು. ಎರಡೂ ಸಮವಾಗಿದ್ದರೆ ಮಾತ್ರ ಚೌಕಟ್ಟು ನೇರವಾಗಿದೆ ಎಂದರ್ಥ.

ಪಕ್ಕಕ್ಕೆ ವಾಲುವುದು ಸ್ಟ್ಯಾಂಡಿನ ದೊಡ್ಡ ಶತ್ರು. ನಾಲ್ಕು ಕಾಲಿನ ಬರಿಯ ಚೌಕಟ್ಟನ್ನು ಪಕ್ಕದಿಂದ ನೂಕಿದರೆ ಅದು ಓರೆಯಾಗುತ್ತದೆ. ಹಿಂಬದಿಗೆ ಮತ್ತು ಎರಡು ಪಕ್ಕಗಳಿಗೆ 12 ಮಿಲಿಮೀಟರ್ ಪ್ಲೈವುಡ್ ಹಲಗೆಯನ್ನು ಮೇಲಿನ ಚೌಕಟ್ಟು, ಕಾಲು, ಕೆಳಗಿನ ಚೌಕಟ್ಟು ಮೂರಕ್ಕೂ ಸೇರುವಂತೆ ಅಂಟಿಸಿ, ಸ್ಕ್ರೂ ಹಾಕಿದರೆ ಈ ಭಯ ತಪ್ಪುತ್ತದೆ. ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಾಸಬೇಕು.

ಮಕ್ಕಳಿರುವ ಮನೆಯಲ್ಲಿ

ತೊಟ್ಟಿ ಸೇರಿ ಒಟ್ಟು ಎತ್ತರ ಸುಮಾರು 4 ಅಡಿ, ತಳದ ಅಗಲ ಕೇವಲ 14 ಇಂಚು. ಮೀನು ನೋಡಲು ಮಗು ಅಂಚು ಹಿಡಿದು ಜೋತುಬಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಸ್ಟ್ಯಾಂಡಿನ ಹಿಂಬದಿಯ ಮೇಲಿನ ಮರವನ್ನು ಎರಡು ಕಡೆ ಉಕ್ಕಿನ ಎಲ್ ಪಟ್ಟಿಗಳಿಂದ ಗೋಡೆಗೆ ಬಿಗಿಯುವುದು ಅತ್ಯಗತ್ಯ.

ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ಪ್ಲಗ್ ಬೋರ್ಡನ್ನು ತೊಟ್ಟಿಯ ನೇರ ಕೆಳಗೆ ಇಡಬಾರದು. ತಂತಿ ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತಿದ್ದರೆ, ಅದರ ಗುಂಟ ಹರಿದ ನೀರಿನ ಹನಿ ಪ್ಲಗ್ಗನ್ನು ಸೇರದೆ ಕೆಳಗೆ ಬೀಳುತ್ತದೆ. ಗಾಳಿಯಂತ್ರವನ್ನು ಸ್ಟ್ಯಾಂಡಿನೊಳಗೆ ಇಟ್ಟರೆ, ವಿದ್ಯುತ್ ಹೋದಾಗ ನೀರು ನಳಿಕೆಯ ಮೂಲಕ ಹಿಮ್ಮುಖವಾಗಿ ಇಳಿದುಬರಬಹುದು. ಇದನ್ನು ತಡೆಯುವ ಪುಟ್ಟ ಕವಾಟ ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ.

ಬಣ್ಣ ಮತ್ತು ಪರೀಕ್ಷೆ

ಉಪ್ಪುಕಾಗದದಿಂದ ಉಜ್ಜಿದ ನಂತರ ನೀರು ತಾಳುವ ವಾರ್ನಿಷನ್ನು ಮೂರು ಸಲ ಹಚ್ಚಬೇಕು. ಕಣ್ಣಿಗೆ ಬೀಳದ ತಳ, ಒಳಭಾಗ ಮತ್ತು ಪ್ಲೈವುಡ್ಡಿನ ಅಂಚುಗಳಿಗೆ ಹಚ್ಚುವುದನ್ನು ಮರೆಯಬಾರದು. ನೀರು ಹೊಗುವುದು ಅಲ್ಲಿಂದಲೇ. ನೆಲ ಒರೆಸುವ ನೀರು ತಾಗದಂತೆ ನಾಲ್ಕು ಮೂಲೆಗಳ ಕೆಳಗೆ ಗಟ್ಟಿ ರಬ್ಬರಿನ ತುಂಡುಗಳಿರಲಿ. ವಾರ್ನಿಷಿನ ವಾಸನೆ ಪೂರ್ತಿ ಹೋಗುವವರೆಗೆ ಮೀನುಗಳನ್ನು ಹತ್ತಿರ ತರಬಾರದು.

ತೊಟ್ಟಿಯ ಕೆಳಗೆ ಅರ್ಧ ಇಂಚಿನ ಥರ್ಮಾಕೋಲ್ ಹಾಸುವುದು ರೂಢಿ. ಅದು ಮರದ ಸಣ್ಣಪುಟ್ಟ ಉಬ್ಬುತಗ್ಗುಗಳನ್ನು ಸರಿದೂಗಿಸುತ್ತದೆ, ತಿರುಚಿದ ಚೌಕಟ್ಟನ್ನು ಸರಿಪಡಿಸುವುದಿಲ್ಲ. ಖಾಲಿ ತೊಟ್ಟಿಯನ್ನಿಟ್ಟು ಉದ್ದಕ್ಕೂ ಅಡ್ಡಕ್ಕೂ ರಸಮಟ್ಟದಿಂದ ನೋಡಿ, ಮೂರನೆಯ ಒಂದು ಭಾಗ ನೀರು ತುಂಬಿ ಒಂದು ದಿನ ಬಿಡಬೇಕು. ಮಟ್ಟ ಬದಲಾಗದಿದ್ದರೆ ಮರುದಿನ ಇನ್ನಷ್ಟು, ಮೂರನೆಯ ದಿನ ಪೂರ್ತಿ. ತೊಟ್ಟಿಯ ನಾಲ್ಕೂ ಮೂಲೆಗಳಲ್ಲಿ ನೀರಿನ ಎತ್ತರವನ್ನು ಅಳೆದರೆ ಓರೆಯಿದ್ದಲ್ಲಿ ತಕ್ಷಣ ಗೊತ್ತಾಗುತ್ತದೆ. ವ್ಯತ್ಯಾಸ ಕಂಡರೆ ನೀರು ಖಾಲಿ ಮಾಡಿ, ಮೂಲೆಯ ಕೆಳಗಿನ ತುಂಡನ್ನು ಸರಿಪಡಿಸಬೇಕು. ತುಂಬಿದ ತೊಟ್ಟಿಯನ್ನು ಎತ್ತುವ, ಸರಿಸುವ ಸಾಹಸ ಎಂದಿಗೂ ಸಲ್ಲದು.

ಹೀಗೆ ಒಂದು ವಾರ ನೀರು ಮಾತ್ರ ಹೊತ್ತು ಅಲುಗದೆ ನಿಂತ ಸ್ಟ್ಯಾಂಡನ್ನು ನಂಬಬಹುದು. ಮೀನುಗಳ ಸರದಿ ಆನಂತರದ್ದು.