‘ಸದ್ದು ಯಾವಾಗ ಬರುತ್ತೆ ಸಾರ್?’

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೊಂದಿಕೊಂಡ ಅಡ್ಡರಸ್ತೆಯೊಂದರ ಗ್ಯಾರೇಜು. ಬೆಳಗಿನ ಏಳು ಗಂಟೆ, ಬಿಡಿಭಾಗದ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ತುಮಕೂರಿನಿಂದ ನಸುಕಿನಲ್ಲೇ ಹೊರಟು ಬಂದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಆಟೋಮ್ಯಾಟಿಕ್ ಕಾರಿನ ಕೀಲಿಯನ್ನು ಮೇಸ್ತ್ರಿಯ ಕೈಗಿಟ್ಟರು. ‘ಗುಂಯ್ ಅಂತ ಸದ್ದು ಬರುತ್ತಪ್ಪ. ಗೇರ್‌ಬಾಕ್ಸ್ ಬಿಚ್ಚಬೇಕು, ಲಕ್ಷದ ಮೇಲೆ ಆಗುತ್ತೆ ಅಂತ ಒಂದು ಕಡೆ ಹೇಳಿದ್ರು’ ಎಂದರು. ಅವರ ದನಿಯಲ್ಲಿ ಆತಂಕವಿತ್ತು.

ಮೇಸ್ತ್ರಿ ಬಾನೆಟ್ ಎತ್ತಲಿಲ್ಲ, ಸ್ಪ್ಯಾನರ್ ಮುಟ್ಟಲಿಲ್ಲ. ‘ಯಾವಾಗ ಬರುತ್ತೆ ಸಾರ್?’ ಎಂದಷ್ಟೇ ಕೇಳಿದರು. ನಿಂತಾಗಲೋ, ಓಡುವಾಗಲೋ? ಬೆಳಗಿನ ಚಳಿಯಲ್ಲೋ, ಗಾಡಿ ಬಿಸಿಯಾದ ಮೇಲೋ? ಎಷ್ಟು ಸ್ಪೀಡಿನಲ್ಲಿ ಶುರು, ಎಷ್ಟರಲ್ಲಿ ಮಾಯ? ಮೇಷ್ಟ್ರು ಯೋಚಿಸಿ ಯೋಚಿಸಿ ಉತ್ತರ ಹೇಳಿದರು. ಆಮೇಲೆ ಮೂವರೂ ಟ್ರಯಲ್ ಹೊರಟೆವು. ಹಿಂದಿನ ಸೀಟು ನನ್ನದು.

ಮಾರುಕಟ್ಟೆಯ ಮೇಲ್ಸೇತುವೆ ಹತ್ತುತ್ತಿದ್ದಂತೆ ಸದ್ದು ಕೇಳಿಸಿತು; ಬಾವಿಯೊಳಗೆ ದುಂಬಿ ಹಾರಿದ ಹಾಗೆ. ಮೇಸ್ತ್ರಿಯ ಕಣ್ಣು ಆರ್‌ಪಿಎಂ ಮುಳ್ಳಿನ ಮೇಲಿತ್ತು. ಗೇರ್ ತಾನಾಗಿ ಬದಲಾಯಿತು, ಮುಳ್ಳು ಸರ್ರನೆ ಇಳಿಯಿತು. ಸದ್ದು ಇಳಿಯಲಿಲ್ಲ. ‘ನೋಡಿದ್ರಾ? ಎಂಜಿನ್ ಜೊತೆ ಹೋಗ್ತಿಲ್ಲ, ಚಕ್ರದ ಜೊತೆ ಹೋಗ್ತಿದೆ’ ಎಂದರು. ಹಿಂದೆ ಮುಂದೆ ಗಾಡಿಗಳಿಲ್ಲವೆಂದು ನೋಡಿಕೊಂಡು ಸ್ಟೀರಿಂಗನ್ನು ಒಂದಿಷ್ಟು ಬಲಕ್ಕೆ ವಾಲಿಸಿದರು, ಗುಂಯ್‌ಗುಟ್ಟುವಿಕೆ ಏರಿತು. ಎಡಕ್ಕೆ ವಾಲಿಸಿದರು, ತಗ್ಗಿತು. ಬಲಕ್ಕೆ ತಿರುಗುವಾಗ ಗಾಡಿಯ ಭಾರ ಬೀಳುವುದು ಎಡಚಕ್ರದ ಮೇಲೆ.

ಗ್ಯಾರೇಜಿಗೆ ಮರಳಿ ಕಾರನ್ನು ಲಿಫ್ಟಿಗೆ ಏರಿಸಿದರು. ಮುಂದಿನ ಎಡಚಕ್ರವನ್ನು ಒಂದು ಕೈಯಲ್ಲಿ ತಿರುಗಿಸುತ್ತ, ಇನ್ನೊಂದು ಅಂಗೈಯನ್ನು ಅದರ ಮೇಲಿನ ಸುರುಳಿ ಸ್ಪ್ರಿಂಗಿನ ಮೇಲಿಟ್ಟು, ನನ್ನನ್ನೂ ಹಾಗೆಯೇ ಹಿಡಿಯಲು ಕರೆದರು. ಮರಳಿನ ಮೇಲೆ ಒರಳುಗುಂಡು ಉರುಳಿದಂಥ ಸಣ್ಣ ತರಿತರಿ ಅಂಗೈಗೆ ತಾಗಿತು. ಬಲಚಕ್ರ ಬೆಣ್ಣೆಯಂತೆ ತಿರುಗಿತು. ಹೋಗಿದ್ದದ್ದು ಚಕ್ರದ ಬೇರಿಂಗ್. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ.

ಕಿವಿಯ ಕಸುಬು

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಸದ್ದು ಹಿಡಿಯುವುದು ಒಂದು ಪೂರ್ಣಪ್ರಮಾಣದ ಕಸುಬು. ಅದಕ್ಕೆ ಬೋರ್ಡಿಲ್ಲ, ಸರ್ಟಿಫಿಕೇಟಿಲ್ಲ. ಕಂಪ್ಯೂಟರ್ ಸ್ಕ್ಯಾನರು ಎಣ್ಣೆಯ ಉಷ್ಣತೆ, ಸೊಲೆನಾಯ್ಡ್‌ಗಳ ದೋಷ, ಕ್ಲಚ್ ಜಾರುತ್ತಿರುವುದು ಇವನ್ನೆಲ್ಲ ಹೇಳುತ್ತದೆ, ಅದು ಬೇಕೇ ಬೇಕು. ಆದರೆ ಸವೆಯತೊಡಗಿದ ಬೇರಿಂಗಿನ ನರಳಿಕೆ ಅದಕ್ಕೆ ಕೇಳಿಸದು. ಅಲ್ಲಿ ಬೇಕಾಗುವುದು ಮನುಷ್ಯನ ಕಿವಿ.

ಹಳೆಯ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಆನಿಸಿ ಕೇಳುತ್ತಿದ್ದರು. ಈಗ ಎದೆಗೊತ್ತುವ ಬಿಲ್ಲೆಯ ಬದಲು ಲೋಹದ ಕಡ್ಡಿ ಇರುವ ಮೆಕ್ಯಾನಿಕ್ ಸ್ಟೆತಾಸ್ಕೋಪು ಬಂದಿದೆ. ಫ್ರೆಂಚ್ ವೈದ್ಯ ಲೆನೆಕ್ 1816ರಲ್ಲಿ ರೋಗಿಯ ಎದೆಗೂ ತನ್ನ ಕಿವಿಗೂ ನಡುವೆ ಕಾಗದದ ಸುರುಳಿ ಹಿಡಿದ ಉಪಾಯವೇ ಇಲ್ಲೂ ಇರುವುದು. ಕಡ್ಡಿಯನ್ನು ಇಂಚಿಂಚೇ ಸರಿಸುತ್ತ ಹೋದರೆ ಸದ್ದು ಎಲ್ಲಿ ಗಟ್ಟಿಯೋ ಅಲ್ಲೇ ಅದರ ತವರು.

ಶಾಲೆಯಲ್ಲಿ ಕಲಿತ ಅನುಕರಣಾವ್ಯಯಗಳು ನೆನಪಿವೆಯಲ್ಲ? ರೊಯ್ಯನೆ, ಕಟಕಟ, ಧಡಾರನೆ. ವ್ಯಾಕರಣದ ಪುಸ್ತಕದಲ್ಲಿ ಒಂದು ಪುಟಕ್ಕೆ ಮುಗಿದುಹೋಗುವ ಆ ಪದಗಳೇ ಗ್ಯಾರೇಜಿನಲ್ಲಿ ರೋಗಲಕ್ಷಣದ ಪಟ್ಟಿ. ಅವನ್ನು ತಿಳಿಯಬೇಕಾದರೆ ಪೆಟ್ಟಿಗೆಯೊಳಗೆ ಏನಿದೆ ಎಂಬುದು ಮೊದಲು ಗೊತ್ತಿರಬೇಕು.

ಪೆಟ್ಟಿಗೆಯೊಳಗೆ

ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಚಾಲೂ ಮಾಡಿದರೆ ಇನ್ನೊಂದು ಅದರ ಗಾಳಿಗೇ ತಿರುಗುತ್ತದೆ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿ, ಎರಡನ್ನೂ ಒಂದು ಡೋಲಿನೊಳಗೆ ಮುಚ್ಚಿದರೆ ಟಾರ್ಕ್ ಕನ್ವರ್ಟರಿನ ಅರ್ಧ ಕಥೆ ಮುಗಿಯಿತು. ನಡುವೆ ಕೂತ ಮೂರನೆಯ ಚಕ್ರ ಹಿಂದಿರುಗುವ ಎಣ್ಣೆಯ ದಾರಿ ತಿರುಗಿಸಿ, ಎಳೆಯುವ ಬಲವನ್ನು ಹೆಚ್ಚಿಸುತ್ತದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಹಡಗುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕಾರುಗಳಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನು ಜನಸಾಮಾನ್ಯರಿಗೆ ತಲುಪಿಸಿದ್ದು ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್. ಅದು 1940ರ ಮಾದರಿಯ ಓಲ್ಡ್ಸ್‌ಮೊಬಿಲ್ ಕಾರುಗಳಲ್ಲಿ ಬಂತು.

ಕನ್ವರ್ಟರಿನ ಹಿಂದೆ ಇರುವುದು ಗ್ರಹಮಂಡಲ. ನಡುವೆ ಸೂರ್ಯ ಗೇರು, ಸುತ್ತ ಗ್ರಹದ ಗೇರುಗಳು, ಹೊರಗೆ ಒಳಹಲ್ಲಿನ ಬಳೆಯಂಥ ಗೇರು. ಇವುಗಳಲ್ಲಿ ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂಬುದರ ಮೇಲೆ ಒಂದನೆಯ ಗೇರೋ, ಮೂರನೆಯದೋ, ರಿವರ್ಸೋ ಆಗುತ್ತದೆ. ಹಿಡಿಯುವ, ಬಿಡುವ ಕೆಲಸ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳದ್ದು. ಅವನ್ನು ಒತ್ತುವುದು ಎಣ್ಣೆಯ ಒತ್ತಡ. ಆ ಒತ್ತಡ ಹುಟ್ಟಿಸುವುದು ಎಂಜಿನ್ ತಿರುಗುವಷ್ಟು ಹೊತ್ತೂ ತಿರುಗುವ ಒಂದು ಪಂಪು. ಹೀಗೆ ಪ್ರತಿಯೊಂದು ಭಾಗಕ್ಕೂ ತಿರುಗುವ ಹೊತ್ತು ಬೇರೆ, ಸುಮ್ಮನಿರುವ ಹೊತ್ತು ಬೇರೆ. ‘ಯಾವಾಗ’ ಎಂಬ ಪ್ರಶ್ನೆಗೆ ಬಲ ಬರುವುದು ಇಲ್ಲಿಂದ.

ಸದ್ದಿನ ನಿಘಂಟು

ಕುಯ್ಯ್... ಗೇರ್ ಲಿವರನ್ನು ಪಿ (ಪಾರ್ಕ್), ಎನ್ (ನ್ಯೂಟ್ರಲ್), ಡಿ (ಡ್ರೈವ್) ಎಲ್ಲಿಟ್ಟರೂ ಸಣ್ಣ ಕುಯ್ಗುಟ್ಟುವಿಕೆ, ರೇಸ್ ಮಾಡಿದರೆ ದನಿಯೂ ಏರುತ್ತದೆ ಎಂದರೆ ಗಮನ ಪಂಪಿನ ಕಡೆಗೆ. ಪಂಪು ಕೆಟ್ಟಿದೆ ಎಂದು ಆಗಲೇ ತೀರ್ಮಾನಿಸಬಾರದು. ಎಳನೀರು ಮುಗಿಯುತ್ತ ಬಂದಾಗ ಸ್ಟ್ರಾ ಗಾಳಿ ಎಳೆದು ಗೊರಗೊರ ಎನ್ನುತ್ತದಲ್ಲ, ಎಣ್ಣೆ ಕಡಿಮೆಯಾದರೂ ಫಿಲ್ಟರ್ ಕಟ್ಟಿಕೊಂಡರೂ ಪಂಪಿನ ಪಾಡು ಅದೇ. ಮೊದಲು ಎಣ್ಣೆಯ ಮಟ್ಟ, ಆಮೇಲೆ ಫಿಲ್ಟರ್, ಕೊನೆಗೆ ಪಂಪು.

ಗೊರ್ರ್... ಬ್ರೇಕ್ ಒತ್ತಿ ನಿಂತಿದ್ದೀರಿ. ಡಿಗೆ ಹಾಕಿದರೆ ಗೊರಗುಟ್ಟುತ್ತದೆ, ಎನ್‌ಗೆ ತಂದರೆ ನಿಲ್ಲುತ್ತದೆ. ಡಿಯಲ್ಲಿ ನಿಂತಾಗ ಕನ್ವರ್ಟರಿನ ಒಂದು ಫ್ಯಾನು ಎಂಜಿನ್ ಜೊತೆ ತಿರುಗುತ್ತದೆ, ಇನ್ನೊಂದು ಕದಲದೆ ನಿಂತಿರುತ್ತದೆ; ನಡುವಿನ ಬೇರಿಂಗಿಗೆ ಆಗ ಪೂರ್ತಿ ಕೆಲಸ. ಎನ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ತಿರುಗುವುದರಿಂದ ಅದಕ್ಕೆ ಬಿಡುವು. ಅನುಮಾನ ಕನ್ವರ್ಟರಿನ ಮೇಲೆ ಬೀಳುತ್ತದೆ.

ಒಂದು ಗೇರಿನಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸದ್ದು. ಗ್ರಹಮಂಡಲದ ಎರಡು ಭಾಗಗಳನ್ನು ಒಟ್ಟಿಗೆ ಕಟ್ಟಿದರೆ ಇಡೀ ಮಂಡಲ ಒಂದೇ ಮುದ್ದೆಯಾಗಿ ತಿರುಗುತ್ತದೆ. ಹಲ್ಲಿನ ಮೇಲೆ ಹಲ್ಲು ಉರುಳುವುದೇ ಇಲ್ಲ, ಹಾಗಾಗಿ ಆ ಗೇರಿನಲ್ಲಿ ಸದ್ದೂ ಇಲ್ಲ. ಎಲ್ಲಿ ಸದ್ದಿದೆ ಎನ್ನುವಷ್ಟೇ ಎಲ್ಲಿ ಇಲ್ಲ ಎನ್ನುವುದೂ ಮೇಸ್ತ್ರಿಗೆ ಸಾಕ್ಷಿ.

ಕಟಕಟ. ಐಡ್ಲಿಂಗಿನಲ್ಲಿ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ಬರುವ ಈ ಸದ್ದು ಎಂಜಿನ್ ಹೋಯಿತೆಂದೇ ನಂಬಿಸುತ್ತದೆ. ಹಲವು ಬಾರಿ ಕಾರಣ ಚಿಕ್ಕದು: ಎಂಜಿನ್ನಿಗೂ ಕನ್ವರ್ಟರಿಗೂ ಕೊಂಡಿಯಾದ ತೆಳು ಫ್ಲೆಕ್ಸ್‌ಪ್ಲೇಟ್ ಬೋಲ್ಟಿನ ತೂತುಗಳ ಬಳಿ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಬೋಲ್ಟುಗಳೇ ಸಡಿಲವಾಗಿರುತ್ತವೆ. ಸೈಲೆನ್ಸರಿನ ಮೇಲಿನ ತಗಡು ಸಡಿಲವಾದರೂ ಕೇಳಿಸುವುದು ಇಂಥದೇ ಸದ್ದು.

ಜುಮ್‌ಜುಮ್. ಅರವತ್ತರ ಆಸುಪಾಸಿನಲ್ಲಿ, ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟು ಹೋಗುವಾಗ ಟೋಲ್ ಹತ್ತಿರದ ಉಬ್ಬುಗೆರೆಗಳ ಮೇಲೆ ಹಾಯ್ದಂಥ ನಡುಕ. ಕನ್ವರ್ಟರಿನ ಎರಡು ಫ್ಯಾನುಗಳನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಕಚ್ಚಿಕೊಳ್ಳಲಾಗದೆ ಜಾರುತ್ತಿರಬಹುದು. ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕನ್ನು ತುಸು ಸೋಕಿಸಿದರೆ ಲಾಕಪ್ ಬಿಟ್ಟುಕೊಳ್ಳುತ್ತದೆ, ನಡುಕವೂ ನಿಲ್ಲುತ್ತದೆ. ಅನುಭವಿಗಳು ಮಾಡುವ ಪರೀಕ್ಷೆ ಇದು, ಹೊಸಬರು ಪ್ರಯೋಗಿಸಬಾರದು. ಎಷ್ಟೋ ಗಾಡಿಗಳಲ್ಲಿ ಸರಿಯಾದ ಎಣ್ಣೆ ಬದಲಿಸಿದರೆ ಈ ನಡುಕ ಹೋಗುತ್ತದೆ.

ಧಡ್. ಪಿಯಿಂದ ಆರ್‌ಗೆ (ರಿವರ್ಸ್) ತರುವಾಗ ಗುದ್ದಿದಂತಾದರೆ ಮೊದಲು ನೋಡಬೇಕಾದ್ದು ಎಂಜಿನ್ ಮತ್ತು ಗೇರ್‌ಬಾಕ್ಸಿನ ಮೌಂಟಿಂಗುಗಳನ್ನು. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ತೆಗೆಯುವಾಗ ಮಾತ್ರ ‘ಟಕ್’ ಎಂದರೆ ಅದು ರೋಗವಲ್ಲ, ನಮ್ಮ ಅಭ್ಯಾಸದ ತಪ್ಪು. ಹ್ಯಾಂಡ್‌ಬ್ರೇಕ್ ಹಾಕದೆ ಪಿಯಲ್ಲಿ ಬಿಟ್ಟಾಗ ಇಡೀ ಕಾರಿನ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಪುಟ್ಟ ಕೊಕ್ಕೆಯ ಮೇಲೆ ನಿಂತಿರುತ್ತದೆ. ಬ್ರೇಕ್ ಒತ್ತಿ, ಎನ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸಡಿಲಿಸಿ ಗಾಡಿ ನೆಲೆ ನಿಂತ ಮೇಲೆ ಮತ್ತೆ ಬ್ರೇಕ್ ಒತ್ತಿ ಪಿಗೆ ಹಾಕಿದರೆ ಕೊಕ್ಕೆಗೆ ಆ ಹೊರೆ ತಪ್ಪುತ್ತದೆ.

ಎಣ್ಣೆ ಹೇಳುವ ಸಂಗತಿ

ಕಿವಿಯ ಸಾಕ್ಷ್ಯವನ್ನು ಮೇಸ್ತ್ರಿ ಎಣ್ಣೆಯಲ್ಲಿ ತಾಳೆ ನೋಡುತ್ತಾರೆ. ಆಟೋಮ್ಯಾಟಿಕ್ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಮೇಸ್ತ್ರಿ ಬಿಳಿ ಟಿಶ್ಯೂ ಮೇಲೆ ಎರಡು ಹನಿ ಬಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಾರೆ, ಮೂಸುತ್ತಾರೆ. ಕಪ್ಪಗಾಗಿ, ತಳ ಹಿಡಿದ ಅನ್ನದಂಥ ವಾಸನೆ ಬಂದರೆ ಕ್ಲಚ್ ಪ್ಲೇಟು ಸುಟ್ಟಿರುವ ಸೂಚನೆ. ರೋಸ್‌ಮಿಲ್ಕಿನ ಬಣ್ಣಕ್ಕೆ ತಿರುಗಿದ್ದರೆ ರೇಡಿಯೇಟರಿನ ನೀರು ಒಳಗೆ ಬೆರೆತಿದೆ ಎಂದರ್ಥ, ಆ ಗಾಡಿಯನ್ನು ಮತ್ತೆ ಚಾಲೂ ಮಾಡಲೇಬಾರದು.

ಎಣ್ಣೆ ತಟ್ಟೆ ಬಿಚ್ಚಿದರೆ ತಳದಲ್ಲಿ ಅಯಸ್ಕಾಂತ ಕಾಣುತ್ತದೆ. ಅದರ ಮೇಲೆ ವಿಭೂತಿಯಷ್ಟು ನುಣುಪಾದ ಬೂದು ಪೇಸ್ಟು ಇದ್ದರೆ ಹೆದರಬೇಕಿಲ್ಲ, ಓಡಿದ ಗಾಡಿಯಲ್ಲಿ ಅದು ಸಹಜ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಬೇರಿಂಗೋ ಗೇರಿನ ಹಲ್ಲೋ ಮುರಿದಿದೆ. ತಟ್ಟೆಯಲ್ಲಿ ಹಿತ್ತಾಳೆಯ ಹೊಳಪು ಕಂಡರೆ ಬುಷ್ ಸವೆದಿದೆ.

‘ಇದರ ಆಯಿಲ್ ಜೀವನಪೂರ್ತಿ ಬದಲಿಸಬೇಕಿಲ್ಲ’ ಎಂಬ ಮಾತನ್ನು ನಂಬಿ ಕೆಟ್ಟ ಗಾಡಿಗಳು ಬಹಳ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್ಎಫ್ ಕಂಪನಿಯೇ ತನ್ನ ಆಟೋಮ್ಯಾಟಿಕ್‌ಗಳಿಗೆ ಓಡಿಸುವ ರೀತಿಗೆ ತಕ್ಕಂತೆ 80,000ದಿಂದ 1,20,000 ಕಿ.ಮೀ. ಒಳಗೆ ಎಣ್ಣೆ ಬದಲಿಸಲು ಹೇಳುತ್ತದೆ.

2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಕಾರುಗಳು ಮುಳುಗಿದ್ದು ನೆನಪಿರಬಹುದು. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ, ನೀರು ನುಗ್ಗುವುದು ಅಲ್ಲಿಂದ. ಕ್ಲಚ್ ಪ್ಲೇಟಿನ ಮೇಲ್ಪದರ ಕಾಗದದ ಜಾತಿಯದು. ನೀರು ಹೀರಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಎಂಜಿನ್ ಒಣಗಿಸಿ ಗಾಡಿ ಓಡಿಸಿದವರಿಗೆ ಕೆಲ ದಿನ ಬಿಟ್ಟು ಗೇರ್‌ಬಾಕ್ಸ್ ಕೈಕೊಡುವುದು ಹೀಗೆ.

ಎಲ್ಲ ಸದ್ದೂ ರೋಗವಲ್ಲ

ಕ್ಲಚ್ ಪೆಡಲ್ ಇಲ್ಲದ ಗಾಡಿಗಳೆಲ್ಲ ಒಂದೇ ಜಾತಿಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ನಮ್ಮಲ್ಲಿಗೆ ಬಂದ ಎಎಂಟಿ, ಮೂಲದಲ್ಲಿ ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ಚು, ಗೇರು ಬದಲಿಸುವುದು ಯಂತ್ರದ ಕೈ. ಅಂಥ ಹಲವು ಕಾರುಗಳಲ್ಲಿ ಬಾಗಿಲು ತೆಗೆದೊಡನೆ ಕೇಳುವ ‘ಗುರ್ರ್’ ಆ ಕೈ ಸಜ್ಜಾಗುವ ಸದ್ದು. ಸಿವಿಟಿ ಎಂಬ ಇನ್ನೊಂದು ಜಾತಿಯಲ್ಲಿ ಗೇರುಗಳ ಮೆಟ್ಟಿಲಿಲ್ಲ, ಎರಡು ಪುಲ್ಲಿಗಳ ನಡುವೆ ಒಂದು ಬೆಲ್ಟು. ಡಚ್ ಕಂಪನಿ ಡಾಫ್ 1958ರಲ್ಲಿ ಕಾರಿಗೆ ಅಳವಡಿಸಿದ ಉಪಾಯವದು. ಜೋರಾಗಿ ಒತ್ತಿದರೆ ಎಂಜಿನ್ ಒಂದೇ ಶ್ರುತಿಯಲ್ಲಿ ಕೂಗುವುದು ಅದರ ಗುಣ. ಆದರೆ ಸಿವಿಟಿಗೆ ಬೇರೆ ಜಾತಿಯ ಎಣ್ಣೆ ಹಾಕಿದರೆ ಬೆಲ್ಟು ಜಾರಿ ಪುಲ್ಲಿ ಗೀರುತ್ತದೆ.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ಓದುಗರು ಒಂದು ಚೀಟಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಸದ್ದು ಬಂದಾಗ ಗೇರ್ ಎಲ್ಲಿತ್ತು, ಸ್ಪೀಡ್ ಎಷ್ಟು, ಆರ್‌ಪಿಎಂ ಮುಳ್ಳು ಎಲ್ಲಿತ್ತು, ಗಾಡಿ ಬಿಸಿಯಿತ್ತೋ ತಣ್ಣಗಿತ್ತೋ, ತಿರುವಿನಲ್ಲಿ ಬದಲಾಯಿತೋ, ಹಿಂದಿನ ಸಲ ಯಾವ ಎಣ್ಣೆ ಹಾಕಿಸಿದ್ದು. ಸಾಧ್ಯವಾದರೆ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಸದ್ದು ಹಿಡಿದಿಡಲಿ. ಬಿಚ್ಚುವ ಮೊದಲು ನಿಮ್ಮೊಡನೆ ಟ್ರಯಲ್‌ಗೆ ಬರುವ ಮೇಸ್ತ್ರಿಯನ್ನು ಆರಿಸಿಕೊಳ್ಳಿ. ಈ ಕಸುಬು ಉಳಿಯುವುದು ಅಂಥವರಿಗೆ ಕೆಲಸ ಸಿಕ್ಕರೆ.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಕಾರಿಗೆ ಹೊಸ ಬೇರಿಂಗ್ ಬಿತ್ತು. ಮತ್ತೆ ಟ್ರಯಲ್ ಹೊರಡುವಾಗ ಮೇಸ್ತ್ರಿ ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗನನ್ನು ಕೂಗಿ ಹಿಂದಿನ ಸೀಟಿನಲ್ಲಿ ಕೂರಿಸಿದರು. ರೇಡಿಯೊ ಆರಿಸಿದರು, ಎಸಿ ಆರಿಸಿದರು, ಗಾಜು ಏರಿಸಿದರು. ಬೆಳಗ್ಗೆ ಸದ್ದು ಬಂದ ಜಾಗಕ್ಕೆ ಬರುವ ಹೊತ್ತಿಗೆ ಕಾರಿನೊಳಗೆ ಟೈರಿನ ಸಣ್ಣ ಸರಸರ ಬಿಟ್ಟರೆ ಬೇರೇನೂ ಇರಲಿಲ್ಲ.

‘ಏನೂ ಕೇಳ್ತಿಲ್ಲ ಅಣ್ಣ’ ಎಂದ ಹುಡುಗ.

‘ಅದನ್ನೇ ಕೇಳಿಸ್ಕೊ’ ಎಂದರು ಮೇಸ್ತ್ರಿ. ‘ಚೆನ್ನಾಗಿರೋ ಗಾಡಿ ಹೆಂಗಿರುತ್ತೆ ಅಂತ ಕಿವಿಗೆ ಗೊತ್ತಿದ್ರೆ ತಾನೆ, ಕೆಟ್ಟಾಗ ಗೊತ್ತಾಗೋದು.’