ಅಮೆರಿಕದ ವೈದ್ಯಕೀಯ ಶಾಲೆಗಳಲ್ಲಿ ಸಂದರ್ಶನದ ಕಾಲ ಮತ್ತು ನಿರೀಕ್ಷಣಾ ಪಟ್ಟಿಯ ಪ್ರವೇಶ

ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯಕೀಯ ಶಾಲೆಗಳು ಎಂ.ಡಿ. ವ್ಯಾಸಂಗಕ್ಕೆ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಕ್ರಮವು ಅರ್ಜಿ, ಸಂದರ್ಶನ ಮತ್ತು ನಿರ್ಧಾರ ಎಂಬ ಮೂರು ಹಂತಗಳಲ್ಲಿ ಒಂದು ವರ್ಷಕ್ಕೂ ಮಿಗಿಲಾದ ಕಾಲ ನಡೆಯುತ್ತದೆ. ಭಾರತದಲ್ಲಿ ಎಂ.ಡಿ. ಎಂಬುದು ಸ್ನಾತಕೋತ್ತರ ಪದವಿಯಾದರೆ, ಅಮೆರಿಕದಲ್ಲಿ ಅದು ವೈದ್ಯಶಿಕ್ಷಣದ ಮೊದಲ ಪದವಿ. ಸಾಮಾನ್ಯವಾಗಿ ನಾಲ್ಕು ವರ್ಷದ ಕಾಲೇಜು ಪದವಿಯ ಬಳಿಕ ಅದಕ್ಕೆ ಸೇರುತ್ತಾರೆ. ಸಂದರ್ಶನವಾದ ಮೇಲೂ ಸೀಟು ದೊರೆಯದೆ, ನಿರಾಕರಣೆಯೂ ಬಾರದೆ ಉಳಿದವರ ಹೆಸರುಗಳಿರುವ ಪಟ್ಟಿಯನ್ನು ನಿರೀಕ್ಷಣಾ ಪಟ್ಟಿ ಅಥವಾ ಬಳಕೆಯ ಮಾತಿನಲ್ಲಿ ವೇಯ್ಟಿಂಗ್ ಲಿಸ್ಟ್ ಎನ್ನಲಾಗುತ್ತದೆ. 2021ರಲ್ಲಿ ಈ ಶಾಲೆಗಳಿಗೆ ಅರ್ಜಿ ಹಾಕಿದ್ದವರು 62,000ಕ್ಕೂ ಹೆಚ್ಚು. ಸೇರಿದವರು ಸುಮಾರು 22,700.

ಭಾರತದ ಪದ್ಧತಿಗಿಂತ ಹೇಗೆ ಭಿನ್ನ

ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಸೀಟು ನೀಟ್ ಪರೀಕ್ಷೆಯ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತದೆ. ಸಂದರ್ಶನವಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆಯ ಒಂದು ಸುತ್ತಿನಲ್ಲಿ ಒಬ್ಬ ಅಭ್ಯರ್ಥಿಗೆ ದೊರೆಯುವುದು ಒಂದೇ ಸೀಟು. ಬಿಟ್ಟ ಸೀಟುಗಳು ಮುಂದಿನ ಸುತ್ತಿಗೆ ಹೋಗುತ್ತವೆ. ಅಮೆರಿಕದಲ್ಲಿ ಪ್ರತಿ ಶಾಲೆಯೂ ತಾನೇ ಸಂದರ್ಶಿಸಿ ತಾನೇ ನಿರ್ಧರಿಸುವುದರಿಂದ, ಒಬ್ಬನೇ ವಿದ್ಯಾರ್ಥಿಯ ಕೈಯಲ್ಲಿ ಏಕಕಾಲಕ್ಕೆ ನಾಲ್ಕೈದು ಸೀಟುಗಳಿರಬಹುದು. ನಿರೀಕ್ಷಣಾ ಪಟ್ಟಿಯ ಮೂಲ ಇಲ್ಲಿದೆ.

ಅರ್ಜಿಯಿಂದ ಸಂದರ್ಶನದವರೆಗೆ

ಹೆಚ್ಚಿನ ಶಾಲೆಗಳ ಅರ್ಜಿಯನ್ನು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘವು ಆಮ್ಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಸ್ವೀಕರಿಸುತ್ತದೆ. ಅರ್ಜಿ ಮೇ ತಿಂಗಳ ಆರಂಭದಲ್ಲಿ ತೆರೆಯುತ್ತದೆ, ಪರಿಶೀಲಿತ ಅರ್ಜಿಗಳು ಜೂನ್ ಕೊನೆಯ ಹೊತ್ತಿಗೆ ಶಾಲೆಗಳನ್ನು ತಲಪತೊಡಗುತ್ತವೆ. ಆ ಬಳಿಕ ಪ್ರತಿ ಶಾಲೆಯೂ ತನ್ನದೇ ಪ್ರಶ್ನೆಗಳುಳ್ಳ ಎರಡನೆಯ ಅರ್ಜಿಯನ್ನು ಕೇಳುತ್ತದೆ. ಸಂದರ್ಶನಗಳು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗಿ ಮಾರ್ಚ್‌ವರೆಗೂ, ಕೆಲವೆಡೆ ಏಪ್ರಿಲ್‌ವರೆಗೂ ನಡೆಯುತ್ತವೆ.

ಸಂದರ್ಶನವು ಒಬ್ಬಿಬ್ಬರು ಅಧ್ಯಾಪಕರೊಡನೆ ಮಾತುಕತೆಯಾಗಿರಬಹುದು. ಅಥವಾ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಅಭ್ಯರ್ಥಿಯು ಒಂದರ ನಂತರ ಒಂದು ಕೊಠಡಿಗೆ ಹೋಗಿ ಪ್ರತಿಯೊಂದರಲ್ಲೂ ಕೆಲವು ನಿಮಿಷ ಒಂದು ಸನ್ನಿವೇಶಕ್ಕೆ ಉತ್ತರಿಸುವ ಕಿರುಸಂದರ್ಶನಗಳ ಸರಣಿಯಾಗಿರಬಹುದು. 2020ರ ಸಾಂಕ್ರಾಮಿಕದ ನಂತರ ಬಹುಪಾಲು ಶಾಲೆಗಳು ವಿಡಿಯೊ ಸಂದರ್ಶನಕ್ಕೆ ತಿರುಗಿದವು. ಅದಕ್ಕೆ ಮುನ್ನ ವಿಮಾನದ ದರ, ತಂಗುವ ಖರ್ಚು ಎಲ್ಲವೂ ಅಭ್ಯರ್ಥಿಯ ತಲೆಯ ಮೇಲೆಯೇ ಇತ್ತು. ಬಡ ಮನೆಯ ಮಕ್ಕಳಿಗೆ ಈ ಬದಲಾವಣೆ ಸಣ್ಣದಲ್ಲ.

ಸಂದರ್ಶನದ ದಿನಾಂಕ ಏಕೆ ಮುಖ್ಯ

ಸಾಮಾನ್ಯ ಅಭ್ಯರ್ಥಿಗಳಿಗೆ ಸೀಟು ನೀಡಲು ಶಾಲೆಗಳು ಆರಂಭಿಸುವ ದಿನ ಅಕ್ಟೋಬರ್ 15. ಬಹುತೇಕ ಶಾಲೆಗಳು ಅಂದಿನಿಂದ ಸಂದರ್ಶನವಾದವರನ್ನು ತಂಡತಂಡವಾಗಿ ಪರಿಶೀಲಿಸಿ ಸೀಟು ನೀಡುತ್ತಾ ಹೋಗುತ್ತವೆ. ಇದೇ ರೋಲಿಂಗ್ ಪದ್ಧತಿ. ಸೆಪ್ಟೆಂಬರಿನಲ್ಲಿ ಸಂದರ್ಶನ ಮುಗಿಸಿದವನ ಕಡತ ಸಮಿತಿಯ ಮುಂದೆ ಬರುವಾಗ ಎಲ್ಲ ಸೀಟುಗಳೂ ತೆರವಾಗಿರುತ್ತವೆ. ಫೆಬ್ರುವರಿಯಲ್ಲಿ ಸಂದರ್ಶನವಾದವನ ಕಡತ ಬರುವ ಹೊತ್ತಿಗೆ ಅನೇಕ ಸೀಟುಗಳ ಮಾತು ಮುಗಿದಿರುತ್ತದೆ. ಇಬ್ಬರೂ ಸಮಾನ ಯೋಗ್ಯರಾಗಿದ್ದರೂ ಎರಡನೆಯವನು ನಿರೀಕ್ಷಣಾ ಪಟ್ಟಿಗೆ ಸೇರುವ ಸಂಭವ ಹೆಚ್ಚು. ಯೋಗ್ಯತೆಯನ್ನು ಅಳೆಯುವ ವ್ಯವಸ್ಥೆಯೊಂದರಲ್ಲಿ ಪಂಚಾಂಗಕ್ಕೆ ಇಷ್ಟು ಮಹತ್ವ ದೊರೆಯುವುದು ನ್ಯಾಯವೇ ಎಂಬ ಪ್ರಶ್ನೆ ಸಹಜ. ಆದರೆ ತಡವಾದ ಸಂದರ್ಶನವೆಂದರೆ ನಿರಾಕರಣೆಯೆಂದು ತಿಳಿಯುವುದೂ ತಪ್ಪು. ಅನುಭವವುಳ್ಳ ಸಮಿತಿಗಳು ಕೊನೆಯವರಿಗಾಗಿ ಸೀಟುಗಳನ್ನು ಉಳಿಸಿಕೊಂಡಿರುತ್ತವೆ. ಹಾರ್ವರ್ಡ್‌ನಂತಹ ಕೆಲವು ಶಾಲೆಗಳು ಎಲ್ಲ ಸಂದರ್ಶನಗಳೂ ಮುಗಿದ ಮೇಲೆ, ಮಾರ್ಚ್ ಸುಮಾರಿಗೆ, ಒಟ್ಟಿಗೆ ಫಲಿತಾಂಶ ತಿಳಿಸುತ್ತವೆ. ಅಲ್ಲಿ ದಿನಾಂಕದ ಪ್ರಭಾವ ಅತ್ಯಲ್ಪ.

ಟೆಕ್ಸಸ್ ರಾಜ್ಯದ್ದು ಬೇರೆಯೇ ದಾರಿ. ಅಲ್ಲಿನ ಸಾರ್ವಜನಿಕ ಶಾಲೆಗಳಿಗೆ ಪ್ರತ್ಯೇಕ ಅರ್ಜಿ ವ್ಯವಸ್ಥೆಯಿದೆ, ಶೇ. 90ರಷ್ಟು ಸೀಟುಗಳು ರಾಜ್ಯದ ನಿವಾಸಿಗಳಿಗೆ ಮೀಸಲು. ನಿವಾಸಿಗಳು ಶಾಲೆಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆದುಕೊಟ್ಟರೆ, ಶಾಲೆಗಳ ಆದ್ಯತೆಯೊಡನೆ ಅದನ್ನು ಗಣಕಯಂತ್ರ ಹೊಂದಿಸುತ್ತದೆ.

ಪಟ್ಟಿ ಚಲಿಸುವ ಬಗೆ

ಮಾರ್ಚ್ 15ರೊಳಗೆ ಪ್ರತಿ ಶಾಲೆಯೂ ಕನಿಷ್ಠ ತನ್ನ ತರಗತಿಯ ಸಂಖ್ಯೆಯಷ್ಟು ಸೀಟುಗಳನ್ನು ನೀಡಿರಬೇಕೆಂಬುದು ಸಂಘದ ಶಿಫಾರಸು. ವಾಸ್ತವದಲ್ಲಿ ಶಾಲೆಗಳು ಅದಕ್ಕಿಂತ ಹೆಚ್ಚು ಮಂದಿಗೆ ಸೀಟು ನೀಡುತ್ತವೆ, ಏಕೆಂದರೆ ಕೆಲವರು ಬೇರೆಡೆ ಹೋಗುವುದು ಖಚಿತ. 100 ಸೀಟುಗಳ ಶಾಲೆಯೊಂದು 200 ಮಂದಿಗೆ ಸೀಟು ನೀಡಿತೆನ್ನೋಣ. ಅವರಲ್ಲಿ 90 ಮಂದಿ ಉಳಿದರೆ ನಿರೀಕ್ಷಣಾ ಪಟ್ಟಿಯಿಂದ ಹತ್ತು ಮಂದಿಗೆ ಕರೆ. 100 ಮಂದಿ ಉಳಿದರೆ ಯಾರಿಗೂ ಇಲ್ಲ. ಆದ್ದರಿಂದ ಹಿಂದಿನ ವರ್ಷ ಪಟ್ಟಿಯಿಂದ ಎಷ್ಟು ಮಂದಿಯನ್ನು ಕರೆದರು ಎಂಬ ಲೆಕ್ಕ ಈ ವರ್ಷಕ್ಕೆ ದೃಢವಾದ ಆಧಾರವಾಗಲಾರದು.

ಏಪ್ರಿಲ್ 15ರ ವೇಳೆಗೆ ಅಭ್ಯರ್ಥಿಯು ಮೂರಕ್ಕಿಂತ ಹೆಚ್ಚು ಸೀಟುಗಳನ್ನು ಇಟ್ಟುಕೊಳ್ಳಬಾರದು. ಏಪ್ರಿಲ್ 30ರ ವೇಳೆಗೆ ಒಂದನ್ನಷ್ಟೇ ಉಳಿಸಿಕೊಳ್ಳಬೇಕು. ಪಟ್ಟಿ ಹೆಚ್ಚು ಚಲಿಸುವುದು ಇದರ ಆಸುಪಾಸಿನಲ್ಲಿ. ಒಬ್ಬಾಕೆ ಮೂರರಲ್ಲಿ ಎರಡು ಸೀಟು ಬಿಟ್ಟರೆ ಎರಡು ಶಾಲೆಗಳಲ್ಲಿ ಜಾಗ ತೆರವಾಗುತ್ತದೆ. ಅಲ್ಲಿಂದ ಕರೆ ಪಡೆದವರು ಮತ್ತೊಂದು ಶಾಲೆಯ ಸೀಟು ಬಿಡುತ್ತಾರೆ. ಆ ಶಾಲೆ ತನ್ನ ಪಟ್ಟಿಯಿಂದ ಇನ್ನೊಬ್ಬರನ್ನು ಕರೆಯುತ್ತದೆ. ಹೀಗೆ ಸರಪಳಿ ಮೇ, ಜೂನ್ ತಿಂಗಳುಗಳಲ್ಲೂ ಸಾಗುತ್ತದೆ. ಏಪ್ರಿಲ್ 30ರ ತನಕ ಉತ್ತರಿಸಲು ಕನಿಷ್ಠ ಎರಡು ವಾರವಿದ್ದರೆ, ಆ ಬಳಿಕ ಕನಿಷ್ಠ ಐದು ಕೆಲಸದ ದಿನಗಳ ಕಾಲಾವಕಾಶ. ತರಗತಿ ಸಮೀಪಿಸಿದಂತೆ ಅದೂ ಕುಗ್ಗುತ್ತದೆ.

ಒಂದು ಸೀಟು ಇಟ್ಟುಕೊಂಡವರೂ ಇತರ ಶಾಲೆಗಳ ನಿರೀಕ್ಷಣಾ ಪಟ್ಟಿಯಲ್ಲಿ ಮುಂದುವರಿಯಬಹುದು. ಅಂತಿಮವಾಗಿ ಸೇರುವ ಬದ್ಧತೆಯನ್ನು ಆಮ್ಕಾಸ್‌ನಲ್ಲಿ ದಾಖಲಿಸಿದವರು ಮಾತ್ರ ಉಳಿದೆಲ್ಲ ಪಟ್ಟಿಗಳಿಂದ ಹಿಂದೆ ಸರಿಯಬೇಕು.

ಪಟ್ಟಿಯ ಸ್ವರೂಪವೂ ಎಲ್ಲೆಡೆ ಒಂದೇ ಅಲ್ಲ. ಕೆಲವು ಶಾಲೆಗಳು ಕ್ರಮಸಂಖ್ಯೆ ಕೊಡುತ್ತವೆ. ಕೆಲವು ಮೇಲಿನ, ನಡುವಿನ, ಕೆಳಗಿನ ಗುಂಪುಗಳನ್ನಾಗಿ ವಿಂಗಡಿಸುತ್ತವೆ. ಇನ್ನು ಕೆಲವು ಕ್ರಮವನ್ನೇ ಇಡದೆ, ತೆರವಾದಾಗ ಪಟ್ಟಿಯನ್ನೆಲ್ಲ ಮತ್ತೆ ಪರಿಶೀಲಿಸುತ್ತವೆ. ಕೊನೆಯ ಬಗೆಯಲ್ಲಿ ಅಭ್ಯರ್ಥಿಯು ಹೊಸ ಅಂಕ, ಸಂಶೋಧನೆ, ಸೇವೆಯ ವಿವರ ತಿಳಿಸುವ ಪತ್ರಕ್ಕೆ ಬೆಲೆಯಿದೆ. ಕರೆದರೆ ಖಂಡಿತ ಬರುತ್ತೇನೆ ಎಂಬ ಪತ್ರವನ್ನು ಒಂದೇ ಶಾಲೆಗೆ ಬರೆಯುವುದು ಮರ್ಯಾದೆ. ಇಂತಹ ಪತ್ರಗಳನ್ನು ಸ್ವೀಕರಿಸುವುದಿಲ್ಲವೆಂದು ಶಾಲೆ ಹೇಳಿದ್ದರೆ ಬರೆಯಲೇಬಾರದು.

ಪಟ್ಟಿ ಮುಚ್ಚುವ ಕಾಲ

ಜುಲೈ ಅಥವಾ ಆಗಸ್ಟಿನಲ್ಲಿ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮದೊಡನೆ ತರಗತಿ ಆರಂಭವಾಗುತ್ತದೆ. ಒಂದು ಶಾಲೆಯಲ್ಲಿ ಆ ಕಾರ್ಯಕ್ರಮಕ್ಕೆ ಸೇರಿದವರಿಗೆ ಬೇರೊಂದು ಶಾಲೆ ಸೀಟು ನೀಡುವಂತಿಲ್ಲ. ಕೆಲವರಿಗೆ ಕರೆ ಬರುವುದು ತರಗತಿಗೆ ಕೆಲವೇ ದಿನ ಮೊದಲು. ಮನೆ, ಸಾಲ, ಪ್ರಯಾಣ ಎಲ್ಲವನ್ನೂ ಅಷ್ಟರಲ್ಲಿ ಹೊಂದಿಸಿಕೊಳ್ಳಬೇಕಾಗುತ್ತದೆ. ಕೈಯಲ್ಲಿ ಒಂದೂ ಸೀಟಿಲ್ಲದೆ ಪಟ್ಟಿಯಲ್ಲಷ್ಟೇ ಇರುವವರ ಇಕ್ಕಟ್ಟು ಇನ್ನೂ ಹೆಚ್ಚು: ಮರುವರ್ಷದ ಅರ್ಜಿ ಮೇ ತಿಂಗಳಲ್ಲೇ ತೆರೆದಿರುತ್ತದೆ, ತಡಮಾಡಿದರೆ ಮತ್ತೆ ತಡವಾದ ಸಂದರ್ಶನವೇ ಗತಿ. ಹಾಗಾಗಿ ಈ ವರ್ಷದ ಕರೆಗಾಗಿ ಕಾಯುತ್ತಿರುವಾಗಲೇ ಅನೇಕರು ಶುಲ್ಕ ಕಟ್ಟಿ ಜೂನ್‌ನಲ್ಲಿ ಹೊಸ ಅರ್ಜಿ ಸಲ್ಲಿಸುತ್ತಾರೆ.