ಹುಲ್ಲಿನಂತೆ ಕಾಣುವ ಮರ



ಜಾರ್ಜಿಯ, ಫ್ಲಾರಿಡ, ಕೆರೊಲಿನಾಗಳಲ್ಲಿ ನೆಲೆಸಿರುವ ನಮ್ಮವರು ಅಂಗಳದಲ್ಲಿ ಯಾವ ಮರ ನೆಡಬೇಕೆಂದು ಕೇಳಿದಾಗಲೆಲ್ಲ ನಾನು ಹೇಳುವುದು ಲಾಂಗ್‌ಲೀಫ್ ಪೈನ್. ಇದು ಆ ನೆಲದ ಸ್ವಂತ ಮರ. ಒಂದು ಕಾಲಕ್ಕೆ ವರ್ಜೀನಿಯದಿಂದ ಪೂರ್ವ ಟೆಕ್ಸಸ್‌ವರೆಗೆ ಸುಮಾರು 9 ಕೋಟಿ ಎಕರೆಯಷ್ಟು ಹಬ್ಬಿದ್ದ ಇದರ ಕಾಡು, ಮರಮುಟ್ಟಿಗಾಗಿ, ಟರ್ಪೆಂಟೈನಿಗಾಗಿ, ಹೊಲಗಳಿಗಾಗಿ ನಾಶವಾಗುತ್ತ ಬಂದು, 20ನೆಯ ಶತಮಾನದ ಕೊನೆಯ ವೇಳೆಗೆ ನೂರಕ್ಕೆ ನಾಲ್ಕು ಪಾಲೂ ಉಳಿದಿರಲಿಲ್ಲ.

ನಾನು ಮೊದಲು ನೆಟ್ಟ ಮೂರು ಸಸಿಗಳು ಎರಡನೆಯ ಬೇಸಿಗೆಯಲ್ಲಿ ಕಾಣೆಯಾದವು. ಹುಲ್ಲು ಕತ್ತರಿಸಲು ಬಂದಿದ್ದ ಹುಡುಗ ಅವನ್ನೂ ಹುಲ್ಲೆಂದೇ ಬಗೆದು ಯಂತ್ರ ಓಡಿಸಿದ್ದ. ಅವನನ್ನು ಬೈಯುವಂತಿರಲಿಲ್ಲ. ಪಕ್ಕದಲ್ಲೊಂದು ಗೂಟ ಹುಗಿಯದೆ ಹೋದವನು ನಾನೇ.

ಅವನ ತಪ್ಪು ಸಹಜವಾದುದು. ಈ ಸಸಿ ಎರಡು ಮೂರು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ನೆಲಕ್ಕಂಟಿದ ಹುಲ್ಲಿನ ಕಂತೆಯಂತೆಯೇ ಇರುತ್ತದೆ, ಕಾಂಡವೇ ಕಾಣದು. ಬೆಳವಣಿಗೆಯೆಲ್ಲ ಭೂಮಿಯೊಳಗೆ, ತಾಯಿಬೇರಿನಲ್ಲಿ. ಸಿಡಿಲಿನಿಂದ ಹೊತ್ತಿಕೊಂಡ ಬೆಂಕಿ ಕೆಲವು ವರ್ಷಗಳಿಗೊಮ್ಮೆ ಕಾಡಿನ ನೆಲವನ್ನು ಸವರಿಕೊಂಡು ಹೋದಾಗ ಹೊರಗಿನ ಎಲೆಗಳು ಸುಡುತ್ತವೆ. ನಡುವಣ ಸುಳಿ ಉಳಿಯುತ್ತದೆ. ಬುಡ ಸುಮಾರು ಒಂದಂಗುಲ ದಪ್ಪವಾದ ಮೇಲೆ ಸಸಿ ತಟಕ್ಕನೆ ಮೇಲೇಳುತ್ತದೆ. ಚೆನ್ನಾಗಿ ನಾಟಿದ್ದರೆ ವರ್ಷಕ್ಕೆ ಎರಡು ಮೂರು ಅಡಿ.

ಮನೆಯಂಗಳದಲ್ಲಿ ಬೆಂಕಿಯ ಮಾತಿಲ್ಲ. ಅದರ ಕೆಲಸವನ್ನು ನಮ್ಮ ಕೈಯೇ ಮಾಡಬೇಕು. ಸಸಿಯ ಸುತ್ತ ಮೂರಡಿ ಹುಲ್ಲು ಕಳೆ ಬೆಳೆಯಗೊಡಬಾರದು. ನೆಡಲು ನವೆಂಬರಿನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು; ಬೇರೆ ಮರದ ನೆರಳಿನಲ್ಲಿ ಇದು ಏಳುವುದೇ ಇಲ್ಲ. ಮುಖ್ಯವಾದ ಎಚ್ಚರಿಕೆಯೆಂದರೆ ಸುಳಿಯನ್ನು ಮಣ್ಣಿನಲ್ಲಿ ಹೂಳಬಾರದು, ಅದರ ಮೇಲೆ ಹೊದಿಕೆಯನ್ನೂ ಹಾಕಬಾರದು. ತೆಂಗಿನ ಸಸಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಗಿಡ ಕೊಂಡರೆ ವರ್ಷಗಳು ಉಳಿಯುತ್ತವೆಂಬ ಆಸೆಯೂ ಬೇಡ: ಕುಂಡದಲ್ಲಿ ಬಹುಕಾಲ ಇದ್ದ ಗಿಡದ ತಾಯಿಬೇರು ಸುರುಳಿ ಸುತ್ತಿಕೊಂಡಿರುತ್ತದೆ. ಚಿಕ್ಕ ಸಸಿಯೇ ಲೇಸು.

ಮರ ಎಂಬತ್ತರಿಂದ ನೂರಡಿ ಬೆಳೆಯುವುದರಿಂದ ಮನೆಯಿಂದಲೂ ವಿದ್ಯುತ್ ತಂತಿಯಿಂದಲೂ ಬಹುದೂರ ನೆಡಿ. ಒಂದಡಿಗೂ ಮಿಕ್ಕು ಉದ್ದವಾಗುವ ಸೂಜಿ ಎಲೆಗಳು ಉದುರುತ್ತಲೇ ಇರುತ್ತವೆ. ಇದನ್ನು ದೂರುವವರೇ ಅಂಗಡಿಯಿಂದ ಪೈನ್ ಸ್ಟ್ರಾ ಪಿಂಡಿಗಳನ್ನು ಹಣ ಕೊಟ್ಟು ತಂದು ಹೂವಿನ ಪಾತಿಗೆ ಹರಡುತ್ತಾರೆ!

ಹಿಂದೊಮ್ಮೆ ಇದೇ ವಿಷಯ ಹೇಳಿದಾಗ ಸಭೆಯಲ್ಲಿದ್ದ ತಾಯಿಯೊಬ್ಬರು ಕೇಳಿದರು: "ಮರ ಮೇಲೇಳುವ ಹೊತ್ತಿಗೆ ನಾವು ಈ ಮನೆ ಮಾರಿ ಬೇರೆ ಊರಿಗೆ ಹೋಗಿರುತ್ತೇವಲ್ಲ, ಸ್ವಾಮಿ?" ಹೋಗಿರಬಹುದು. ಮುನ್ನೂರು ವರ್ಷ ಬಾಳಬಲ್ಲ ಮರವಿದು. ಅದರ ಲೆಕ್ಕದಲ್ಲಿ ನಾವೆಲ್ಲರೂ ಬಾಡಿಗೆಯವರೇ. ಮನೆ ಕೊಳ್ಳುವವರಿಗೆ ಬೀಗದ ಕೈ ಕೊಡುವಾಗ ಆ ಹುಲ್ಲಿನ ಕಂತೆಯನ್ನೂ ತೋರಿಸಿ, ಅದು ಮರವೆಂದು ಹೇಳಿ ಹೋಗಿ. ಗೂಟವನ್ನು ಮಾತ್ರ ಕೀಳಬೇಡಿ.